ವಿದ್ಯಾರ್ಥಿ ಭವನಾನಾ, ಬ್ರಾಹ್ಮಿನ್ಸ್ ಕಾಫಿ ಬಾರಾ?

ಬೆಂಗಳೂರಲ್ಲಿ ಒಂದೇ ಬೆಳಗ್ಗೆ ಇದೆ, ಇಲ್ಲಿನವ್ರ ಥರಾನೇ ತಿಂಡಿ ತಿನ್ಬೇಕು ಅನ್ನೋರಿಗೆ ಹೇಳ್ತಿದೀನಿ. ಗಾಂಧಿ ಬಜಾರ್‌ನ ವಿದ್ಯಾರ್ಥಿ ಭವನ ಹೋಟ್ಲು 1943ರದ್ದು, ಅಲ್ಲಿ ಹೋದ್ಮೇಲೆ ಮಸಾಲೆ ದೋಸೇನೇ ತಿನ್ನಿ, ಹೊರಗೆ ಕೆಂಪಗೆ ಗರಿಗರಿ ಒಳಗೆ ಮೆತ್ತಗೆ, ಮೇಲೆ ನೀರು ಚಟ್ನಿ ಸುರೀತಾರೆ, ಸರ್ವರ್ ಒಂದೇ ಕೈಮೇಲೆ ಅಷ್ಟೊಂದು ಪ್ಲೇಟ್ ಪೇರಿಸ್ಕೊಂಡು ಬರೋದನ್ನ ನೋಡೋದೇ ಒಂದು ಖುಷಿ. ಆದ್ರೆ ವೀಕೆಂಡ್ ಹೋದ್ರೆ ಕಾಯೋದು ಗ್ಯಾರಂಟಿ, ಶುಕ್ರವಾರ ರಜಾ.

ಶಂಕರಪುರದ ಬ್ರಾಹ್ಮಿನ್ಸ್ ಬೇರೇನೇ. ಕೂರೋಕೆ ಜಾಗ ಇಲ್ಲ, ನಿಂತ್ಕೊಂಡೇ ತಿನ್ಬೇಕು, ಮೆನುನೂ ಚಿಕ್ಕದು, ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಅಷ್ಟೆ. ಸಾಂಬಾರ್ ಕೇಳ್ಬೇಡಿ, ಇಲ್ಲ! ಆ ಚಟ್ನಿ ಇದ್ಮೇಲೆ ಸಾಂಬಾರ್ ಯಾಕೆ ಬೇಕು ಹೇಳಿ, ನಾನಂತೂ ಎರಡು ಸಲ ಹಾಕಿಸ್ಕೋತೀನಿ. ಭಾನುವಾರ ಮಾತ್ರ ಹೋಗ್ಬೇಡಿ, ರಜಾ.

ವಯಸ್ಸಾದವ್ರು ಜೊತೇಲಿದ್ರೆ, ಆರಾಮಾಗಿ ಕೂತು ಮಾತಾಡ್ಕೊಂಡು ತಿನ್ಬೇಕು ಅಂದ್ರೆ ವಿದ್ಯಾರ್ಥಿ ಭವನ. ಒಬ್ರೇ ಇದ್ರೆ, ಆಫೀಸಿಗೆ ಲೇಟಾಗ್ತಿದ್ರೆ ಕಣ್ಮುಚ್ಕೊಂಡು ಬ್ರಾಹ್ಮಿನ್ಸ್. ನನಗೆ ಒಂದೇ ಆರಿಸು ಅಂದ್ರೆ ಬ್ರಾಹ್ಮಿನ್ಸೇ, ಆ ಬಿಸಿ ಇಡ್ಲಿ ಆದ್ಮೇಲೆ ಫುಟ್‌ಪಾತಲ್ಲಿ ನಿಂತು ಸ್ನೇಹಿತರ ಜೊತೆ ಬೈಟು ಕಾಫಿ ಕುಡಿಯೋ ಸುಖ ಇನ್ನೆಲ್ಲೂ ಸಿಕ್ಕಿಲ್ಲ.