ಲಿಬ್ರೆಆಫೀಸ್: ಕನ್ನಡ ಬರೆಯುವ ಮನೆ ಕಂಪ್ಯೂಟರಿಗೆ ಇಷ್ಟು ಸಾಕೇ?

ಮನೆ ಕಂಪ್ಯೂಟರಿನಲ್ಲಿ ಪತ್ರ, ಅರ್ಜಿ, ಸಂಘದ ಲೆಕ್ಕ, ಮಕ್ಕಳ ಪ್ರಾಜೆಕ್ಟು, ಆಗೊಮ್ಮೆ ಈಗೊಮ್ಮೆ ಆಮಂತ್ರಣ ಪತ್ರಿಕೆ. ಇಷ್ಟು ಕೆಲಸಕ್ಕೆ ವರ್ಷವರ್ಷವೂ ಚಂದಾ ಕಟ್ಟಬೇಕಾಗಿಲ್ಲ, ಕಳ್ಳ ಕೀ ಹಾಕಿದ ವರ್ಡ್ ಅಂತೂ ಬೇಡವೇ ಬೇಡ. ಪುಕ್ಕಟೆ ಆಫೀಸ್ ತಂತ್ರಾಂಶ ಲಿಬ್ರೆಆಫೀಸ್ ಸಾಕು. ಆದರೆ ಇನ್‌ಸ್ಟಾಲ್ ಮಾಡಿದ ಕೂಡಲೇ ಅದು ಕನ್ನಡಕ್ಕೆ ಒಗ್ಗಿಕೊಂಡಿರುವುದಿಲ್ಲ. ಅರ್ಧ ಗಂಟೆ ಕೂತು ಹದ ಮಾಡಿಕೊಳ್ಳಬೇಕು. ಹಾಗೆ ಮಾಡದೆ "ಕನ್ನಡ ಸರಿ ಬರಲ್ಲ" ಎಂದು ತೆಗೆದುಹಾಕಿದವರೇ ಹೆಚ್ಚು.

ಹಿನ್ನೆಲೆ ಚುಟುಕಾಗಿ: ಇದರ ಪೂರ್ವಜ ಓಪನ್‌ಆಫೀಸ್ ನಡೆಸುತ್ತಿದ್ದ ಸನ್ ಕಂಪನಿ 2010ರಲ್ಲಿ ಒರಾಕಲ್ ಪಾಲಾಯಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಹಲವು ಡೆವಲಪರುಗಳು ಹೊರಬಂದು ಡಾಕ್ಯುಮೆಂಟ್ ಫೌಂಡೇಶನ್ ಕಟ್ಟಿದರು, ಲಿಬ್ರೆಆಫೀಸ್ ಅವರದು. ಅಪಾಚೆ ಓಪನ್‌ಆಫೀಸ್ ಎಂಬ ಹೆಸರಿನಲ್ಲಿ ಹಳೆಯದೂ ಉಳಿದಿದೆ, ಆದರೆ ಅದು ವರ್ಡಿನ ಡಾಕ್ಸ್ (.docx) ಕಡತವನ್ನು ತೆರೆಯುತ್ತದೆಯೇ ಹೊರತು ಡಾಕ್ಸ್ ಆಗಿ ಉಳಿಸುವುದಿಲ್ಲ. ಹೆಸರಿನ ಗೊಂದಲದಲ್ಲಿ ಅದನ್ನು ಇಳಿಸಿಕೊಳ್ಳಬೇಡಿ.

ಇಳಿಸಿಕೊಳ್ಳಬೇಕಾದ್ದು ಲಿಬ್ರೆಆಫೀಸ್ ಡಾಟ್ ಆರ್ಗ್ ತಾಣದಿಂದ. ವಿಂಡೋಸ್ ಕಡತ ಸುಮಾರು 350 ಎಂಬಿ. ದೇಣಿಗೆ ಕೇಳುವ ಪುಟ ಬರುತ್ತದೆ, ಕೊಡುವುದು ಬಿಡುವುದು ನಿಮ್ಮಿಷ್ಟ. ಮೈಕ್ರೋಸಾಫ್ಟ್ ಸ್ಟೋರಿನಲ್ಲಿರುವುದಕ್ಕೆ ದುಡ್ಡು ಕೇಳುತ್ತಾರೆ. ಅದೂ ಫೌಂಡೇಶನ್ನಿನದೇ, ಮೋಸವೇನಲ್ಲ, ಆದರೆ ಪುಕ್ಕಟೆ ಸಿಗುವುದೂ ಅದೇ ತಂತ್ರಾಂಶ. ವಿಂಡೋಸ್ 7 ಮತ್ತು 8ರಲ್ಲಿ ಲಿಬ್ರೆಆಫೀಸ್ 25.8 ಹಾಗೂ ಅದರ ನಂತರದ ಆವೃತ್ತಿಗಳು ಓಡುವುದಿಲ್ಲ, ಆ ಯಂತ್ರಗಳಿಗೆ ಹಳೆಯ ಆವೃತ್ತಿಗಳ ಸಂಗ್ರಹದಿಂದಲೇ ತೆಗೆದುಕೊಳ್ಳಬೇಕು. ಇನ್‌ಸ್ಟಾಲ್ ಮಾಡುವಾಗ "ಟಿಪಿಕಲ್" ಒತ್ತಿ ಮುಂದೆ ಹೋಗಬೇಡಿ. "ಕಸ್ಟಮ್" ಆರಿಸಿ, ಯೂಸರ್ ಇಂಟರ್‌ಫೇಸ್ ಭಾಷೆಗಳಲ್ಲಿ ಕನ್ನಡವನ್ನೂ ಸೇರಿಸಿದರೆ ಮೆನುಗಳು ಕನ್ನಡದಲ್ಲಿ ಸಿಗುತ್ತವೆ. ಸಹಾಯದ ಲೇಖನಗಳೆಲ್ಲ ಇಂಗ್ಲಿಷ್ ಮೆನು ಹೆಸರುಗಳನ್ನೇ ಹೇಳುವುದರಿಂದ ಕಲಿಯುವಷ್ಟು ದಿನ ಇಂಗ್ಲಿಷಿನಲ್ಲಿರಿಸಿಕೊಳ್ಳುವುದೇ ಮೇಲು.

ಮೊದಲ ಹೊಂದಿಕೆ: ಟೂಲ್ಸ್, ಆಪ್ಷನ್ಸ್, ಭಾಷೆಗಳ ವಿಭಾಗ. ಅಲ್ಲಿ "ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್" ಗುರುತು ಹಾಕಿ, ಪಕ್ಕದಲ್ಲಿ ಕನ್ನಡ ಆರಿಸಿ. ಈ ತಂತ್ರಾಂಶ ಇಂಗ್ಲಿಷ್ ಅಕ್ಷರಕ್ಕೊಂದು ಫಾಂಟ್, ಕನ್ನಡ ಅಕ್ಷರಕ್ಕೊಂದು ಫಾಂಟ್ ಎಂದು ಪ್ರತಿ ಸ್ಟೈಲಿನಲ್ಲೂ ಎರಡು ಖಾತೆ ಇಡುತ್ತದೆ. ಅದು ತಿಳಿಯದವರಿಗೆ "ಸೈಜ್ 14 ಮಾಡಿದೆ, ಹೊಸ ಸಾಲು ಮತ್ತೆ 12ಕ್ಕೇ ಬಂತು" ಎಂಬ ತಲೆನೋವು. ಗುರುತು ಹಾಕಿದ ಮೇಲೆ ರೈಟರ್ (ಪತ್ರ ಬರೆಯುವ ಭಾಗ) ವಿಭಾಗದ ಬೇಸಿಕ್ ಫಾಂಟ್ಸ್‌ನಲ್ಲಿ ಕನ್ನಡದ ಫಾಂಟು, ಅಳತೆ ಎರಡನ್ನೂ ನಿಗದಿ ಮಾಡಿ. ವಿಂಡೋಸಿನಲ್ಲಿ ನಿರ್ಮಲ ಯುಐ ಆಗಲೇ ಇರುತ್ತದೆ. ಹಳಬರಿಗೆ ಒಗ್ಗಿದ ತುಂಗಾ ಬೇಕೆಂದರೆ ವಿಂಡೋಸ್ 10ರಿಂದ ಈಚೆಗೆ ಆಪ್ಷನಲ್ ಫೀಚರುಗಳಲ್ಲಿ "ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್" ಸೇರಿಸಿಕೊಳ್ಳಬೇಕು. ಲಿನಕ್ಸಿನಲ್ಲಿ ನೋಟೋ, ಲೋಹಿತ್, ಗುಬ್ಬಿ, ನವಿಲು ಇವೆ.

ಕನ್ನಡ ಇಂಗ್ಲಿಷ್ ಬೆರೆತ ಪುಟದಲ್ಲಿ ಸಾಲಿನ ಅಂತರ ಏರುಪೇರಾಗುತ್ತದೆ. ಒತ್ತಕ್ಷರಗಳಿಗೆ ಜಾಗ ಬಿಡಲು ಕನ್ನಡ ಫಾಂಟುಗಳ ಎತ್ತರ ಹೆಚ್ಚಿರುತ್ತದೆ, ಬರೀ ಇಂಗ್ಲಿಷ್ ಇರುವ ಸಾಲು ಕುಗ್ಗಿ ಕೂರುತ್ತದೆ. ಪ್ಯಾರಾಗ್ರಾಫ್ ಹೊಂದಿಕೆಯಲ್ಲಿ ಲೈನ್ ಸ್ಪೇಸಿಂಗನ್ನು "ಫಿಕ್ಸೆಡ್" ಮಾಡಿ, 12 ಪಾಯಿಂಟ್ ಅಕ್ಷರಕ್ಕೆ 18ರಿಂದ 20 ಪಾಯಿಂಟ್ ಕೊಟ್ಟು ನೋಡಿ. ಅದಕ್ಕಿಂತ ತೀರಾ ಇಳಿಸಿದರೆ "ಸ್ತ್ರೀ"ಯಂಥ ಅಕ್ಷರದ ಬುಡ ಕತ್ತರಿಸಿಹೋಗುತ್ತದೆ.

ಟೈಪಿಂಗಿಗೆ ಬೇರೆ ತಂತ್ರಾಂಶ ಬೇಡ. ವಿಂಡೋಸ್ 10ರ 2019ರ ಮೇ ಅಪ್‌ಡೇಟಿನಿಂದ ಈಚೆಗೆ ಕನ್ನಡ ಫೋನೆಟಿಕ್ ಕೀಲಿಮಣೆ ಒಳಗೇ ಇದೆ. ವಿಂಡೋಸ್ ಕೀ ಹಿಡಿದು ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ. ಕೆ.ಪಿ. ರಾವ್ ವಿನ್ಯಾಸದ ಕೀಲಿಮಣೆ ಬೆರಳಿಗೆ ಕೂತವರು ಲಿನಕ್ಸಿನಲ್ಲಿ "ಕಗಪ" ಆರಿಸಿಕೊಳ್ಳಬಹುದು, ವಿಂಡೋಸಿನಲ್ಲಿ ನುಡಿ ತಂತ್ರಾಂಶವನ್ನೇ ಯೂನಿಕೋಡ್ (ಎಲ್ಲ ಯಂತ್ರಗಳಿಗೂ ಒಂದೇ ಆದ ಅಕ್ಷರ ಸಂಕೇತ) ಆಯ್ಕೆಯಲ್ಲಿ ಬಳಸಬಹುದು.

ಈಗ ನಿಜವಾದ ಕಗ್ಗಂಟು. ನುಡಿ, ಬರಹ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟುಗಳಲ್ಲಿ ಬರೆದ ಕಡತಗಳು ಇನ್ನೂ ಸಾವಿರಗಟ್ಟಲೆ ಓಡಾಡುತ್ತಿವೆ. ಅವುಗಳೊಳಗೆ ಇರುವುದು ಕನ್ನಡವಲ್ಲ, ರೋಮನ್ ಅಕ್ಷರ ಮತ್ತು ಚಿಹ್ನೆಗಳು. ಫಾಂಟ್ ಅವಕ್ಕೆ ಕನ್ನಡದ ವೇಷ ಹಾಕಿರುತ್ತದೆ. ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ವೇಷ ಕಳಚುತ್ತದೆ. ಇದು ಲಿಬ್ರೆಆಫೀಸಿನ ದೋಷವಲ್ಲ, ವರ್ಡಿನಲ್ಲೂ ಹೀಗೇ. ಆ ಫಾಂಟನ್ನು ಇನ್‌ಸ್ಟಾಲ್ ಮಾಡಿದರೆ ಓದಲು ಬರುತ್ತದೆ, ಆದರೆ ಅದರಲ್ಲೇ ತಿದ್ದಲು ಕೂರಬೇಡಿ. ಆಟೋಕರೆಕ್ಟ್ ವಾಕ್ಯದ ಮೊದಲ ಅಕ್ಷರವನ್ನು ಇಂಗ್ಲಿಷ್ ಎಂದುಕೊಂಡು ದೊಡ್ಡದು ಮಾಡುತ್ತದೆ, ತೆರೆಯ ಮೇಲೆ ಇದ್ದಕ್ಕಿದ್ದಂತೆ ಬೇರೊಂದು ಕನ್ನಡ ಅಕ್ಷರ ಕಾಣುತ್ತದೆ. ತಿದ್ದಲೇಬೇಕಿದ್ದರೆ ಮೊದಲು ಟೂಲ್ಸ್ ಮೆನುವಿನ ಆಟೋಕರೆಕ್ಟ್ ಆಪ್ಷನ್ಸ್‌ನಲ್ಲಿ ದೊಡ್ಡಕ್ಷರ ಮತ್ತು ಉದ್ಧರಣ ಚಿಹ್ನೆಗಳ ಗುರುತು ತೆಗೆಯಿರಿ.

ಶಾಶ್ವತ ದಾರಿ ಯೂನಿಕೋಡಿಗೆ ಪರಿವರ್ತನೆ. ನುಡಿ, ಬರಹಗಳಲ್ಲೇ ಪರಿವರ್ತಕ ಇದೆ, ಆನ್‌ಲೈನಿನಲ್ಲೂ ಸಿಗುತ್ತದೆ. ಖಾಸಗಿ ದಾಖಲೆಗಳನ್ನು ಆನ್‌ಲೈನ್ ಪೆಟ್ಟಿಗೆಗೆ ಸುರಿಯಬೇಡಿ. ನಡುವೆ ಇಂಗ್ಲಿಷ್ ಪದಗಳಿದ್ದರೆ ಪರಿವರ್ತಕಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ, ಅವನ್ನೂ ಅರ್ಥವಿಲ್ಲದ ಕನ್ನಡ ಮಾಡಿಬಿಡುತ್ತದೆ. ಹಾಗಾಗಿ ಬೆರಕೆ ಪುಟಗಳನ್ನು ತುಂಡು ತುಂಡಾಗಿಯೇ ಮಾಡಿ, ಅರ್ಕಾವತ್ತು ಇರುವ ಪದಗಳನ್ನು ಕಣ್ಣಿಟ್ಟು ನೋಡಿ. ಕೊನೆಗೆ ಫೈಂಡ್ ಆಂಡ್ ರಿಪ್ಲೇಸ್ ತೆರೆದು, "ಅದರ್ ಆಪ್ಷನ್ಸ್" ಕೆಳಗಿನ ಫಾರ್ಮ್ಯಾಟ್ ಗುಂಡಿಯಲ್ಲಿ ನುಡಿ ಫಾಂಟ್ ಆರಿಸಿ "ಫೈಂಡ್ ಆಲ್" ಕೊಟ್ಟರೆ ಎಲ್ಲೆಲ್ಲಿ ಹಳೆಯದು ಉಳಿದಿದೆ ಎಂದು ಒಂದೇ ಏಟಿಗೆ ತೋರಿಸುತ್ತದೆ.

ವರ್ಡ್ ಬಳಸುವವರೊಂದಿಗೆ ಕಡತ ಅದಲುಬದಲು ಮಾಡುವವರು ಆಪ್ಷನ್ಸ್‌ನ ಲೋಡ್/ಸೇವ್ ವಿಭಾಗದಲ್ಲಿ "ಆಲ್ವೇಸ್ ಸೇವ್ ಆ್ಯಸ್" ಎಂಬಲ್ಲಿ ವರ್ಡ್ ರೂಪ ಆರಿಸಿಕೊಳ್ಳಿ. ಸಾದಾ ಪತ್ರಗಳು ಚೆನ್ನಾಗಿಯೇ ಹೋಗಿಬರುತ್ತವೆ. ಕ್ಯಾಲಿಬ್ರಿ ಇಲ್ಲದಿದ್ದರೆ ಕಾರ್ಲಿಟೊ, ಟೈಮ್ಸ್ ನ್ಯೂ ರೋಮನ್ ಇಲ್ಲದಿದ್ದರೆ ಲಿಬರೇಶನ್ ಸೆರಿಫ್ ಕೂರುತ್ತದೆ. ಅಕ್ಷರಗಳ ಅಗಲ ಒಂದೇ ಆದ್ದರಿಂದ ಪುಟ ಕದಲುವುದಿಲ್ಲ. ವರ್ಡಿನ ಈಗಿನ ಮೂಲ ಫಾಂಟ್ ಆ್ಯಪ್ಟೋಸ್‌ಗೆ ಅಂಥ ಜೋಡಿಯಿಲ್ಲ, ಹಾಗಾಗಿ ಒಂದು ಪುಟದ ಅರ್ಜಿ ಎರಡನೇ ಪುಟಕ್ಕೆ ಎರಡು ಸಾಲು ಚೆಲ್ಲುತ್ತದೆ. ಟೆಕ್ಸ್ಟ್ ಬಾಕ್ಸ್, ಕೋಷ್ಟಕದೊಳಗೆ ಕೋಷ್ಟಕ ಇರುವ ಇಲಾಖೆಯ ನಮೂನೆಗಳಂತೂ ಕೆಲವೊಮ್ಮೆ ಪೂರ್ತಿ ಚೆದುರುತ್ತವೆ. ಅಂಥವನ್ನು ವರ್ಡಿನ ಉಚಿತ ವೆಬ್ ಆವೃತ್ತಿಯಲ್ಲಿ ತುಂಬಿ, ಇಲ್ಲಿ ಹಠ ಹಿಡಿಯಬೇಡಿ.

ಓದಲು ಮಾತ್ರ ಕಳಿಸುವುದಿದ್ದರೆ ಪಿಡಿಎಫ್. ಎಕ್ಸ್‌ಪೋರ್ಟ್ ಕಿಟಕಿಯಲ್ಲಿ "ಹೈಬ್ರಿಡ್ ಪಿಡಿಎಫ್" ಎಂಬುದಕ್ಕೆ ಗುರುತು ಹಾಕಿದರೆ ಪಿಡಿಎಫ್ ಹೊಟ್ಟೆಯೊಳಗೇ ಮೂಲ ಕಡತವೂ ಕೂರುತ್ತದೆ: ಬೇರೆಯವರಿಗೆ ಸಾಮಾನ್ಯ ಪಿಡಿಎಫ್, ಲಿಬ್ರೆಆಫೀಸಿನಲ್ಲಿ ತೆರೆದರೆ ತಿದ್ದಬಹುದಾದ ಪುಟ. ಇಷ್ಟು ಒಳ್ಳೆಯ ಸೌಲಭ್ಯವನ್ನು ಯಾರೂ ಬಳಸುವುದಿಲ್ಲ. ಆದರೆ ಬೇರೆಯವರು ಮಾಡಿದ ಕನ್ನಡ ಪಿಡಿಎಫನ್ನು ಇದರ ಚಿತ್ರ ಬಿಡಿಸುವ ಭಾಗವಾದ ಡ್ರಾದಲ್ಲಿ ತೆರೆದು ತಿದ್ದುವ ಆಸೆ ಬಿಡಿ, ಸಾಲುಗಳು ತುಂಡಾಗುತ್ತವೆ, ಒತ್ತಕ್ಷರ ಕಲಸಿಹೋಗುತ್ತದೆ.

ಲೆಕ್ಕದ ಕ್ಯಾಲ್ಕ್ ಈ ಪೊಟ್ಟಣದ ಅತಿ ಗಟ್ಟಿ ಭಾಗ. ಕನ್ನಡ ಹೆಸರುಗಳಿರುವ ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಪಟ್ಟಿ) ಕಡತವನ್ನು ಎಕ್ಸೆಲ್‌ನಲ್ಲಿ ಎರಡು ಸಲ ಕ್ಲಿಕ್ ಮಾಡಿ ತೆರೆದರೆ ಅಕ್ಷರದ ಬದಲು ಕಸ ಕಾಣುವುದು ಸಾಮಾನ್ಯ. ಕ್ಯಾಲ್ಕ್ ತೆರೆಯುವ ಮುಂಚೆ ಕೇಳುತ್ತದೆ: ಕ್ಯಾರೆಕ್ಟರ್ ಸೆಟ್ "ಯೂನಿಕೋಡ್ ಯುಟಿಎಫ್-8" ಆರಿಸಿ. ಅದೇ ಕಿಟಕಿಯ ಕೆಳಗೆ ಬ್ಯಾಂಕ್ ಖಾತೆ, ಆಧಾರ್, ಫೋನ್ ಸಂಖ್ಯೆಯ ಕಾಲಮ್ಮುಗಳನ್ನು ಒತ್ತಿ "ಟೆಕ್ಸ್ಟ್" ಮಾಡಿ. ಮರೆತರೆ ಮೊದಲಿನ ಸೊನ್ನೆಗಳು ಹೋಗುತ್ತವೆ, 15 ಅಂಕಿ ಮೀರಿದ ಖಾತೆ ಸಂಖ್ಯೆಯ ಕೊನೆಯ ಅಂಕಿಗಳೂ ಹಾಳು. ಕಂಪ್ಯೂಟರ್ ಅದನ್ನು ಸಂಖ್ಯೆ ಎಂದು ಹಿಡಿದರೆ ನೆನಪಿಡುವುದು ಅಷ್ಟೇ ನಿಖರತೆ. ಆಮೇಲೆ ಟೆಕ್ಸ್ಟ್ ಮಾಡಿದರೂ ಹೋದದ್ದು ಬರುವುದಿಲ್ಲ.

ಲಕ್ಷ, ಕೋಟಿಯ ಅಲ್ಪವಿರಾಮಕ್ಕೆ ಸೆಲ್ ಫಾರ್ಮ್ಯಾಟಿನಲ್ಲಿ #,##,##0.00 ಎಂದು ಬರೆದರೆ ಸಾಕು, 12,34,567.00 ಎಂದು ಬರುತ್ತದೆ. ಎಕ್ಸೆಲ್‌ನಲ್ಲಿ ಇದಕ್ಕೆ ವಿಂಡೋಸಿನ ಪ್ರದೇಶವನ್ನೇ ಬದಲಿಸಬೇಕು, ಇಲ್ಲವೇ ಷರತ್ತು ಸೇರಿಸಿದ ಉದ್ದದ ಫಾರ್ಮ್ಯಾಟ್ ಬರೆಯಬೇಕು. ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸುವಾಗ ಸಾರ್ಟ್ ಕಿಟಕಿಯ ಆಪ್ಷನ್ಸ್‌ನಲ್ಲಿ ಭಾಷೆ ಕನ್ನಡ ಮಾಡಿ (ಆಸ್ಕಿ ಪಟ್ಟಿಯಾದರೆ ಈ ಆಸೆಯೂ ಬೇಡ, ಅದು ರೋಮನ್ ಕ್ರಮದಲ್ಲಿ ಜೋಡಿಸುತ್ತದೆ). ಎಕ್ಸ್‌ಲುಕಪ್ (ಪಟ್ಟಿಯಲ್ಲಿ ಹುಡುಕಿ ತರುವ) ಸೂತ್ರ 24.8ನೇ ಆವೃತ್ತಿಯಿಂದ ಇದೆ. ಕಚೇರಿಯಿಂದ ತಂದ, ಮ್ಯಾಕ್ರೋ (ತಾನಾಗಿ ಓಡುವ ಆದೇಶಗಳ ಸರಣಿ) ಇರುವ ಎಕ್ಸೆಲ್ ಕಡತಗಳು ಮಾತ್ರ ಅರ್ಧಂಬರ್ಧ ಓಡುತ್ತವೆ, ಅಂಥ ಕೆಲಸವಿರುವವರಿಗೆ ಎಕ್ಸೆಲ್ಲೇ ಸರಿ.

ಇಂಪ್ರೆಸ್ ಶಾಲೆಯ ಸ್ಲೈಡುಗಳಿಗೆ ಸಾಕು, ಮಾದರಿಗಳು ಸಪ್ಪೆ. ಡೇಟಾಬೇಸಿನ ಬೇಸ್ ಮನೆಗೆ ಬೇಡ. ಕನ್ನಡ ಕಾಗುಣಿತ ತಪಾಸಣೆಯನ್ನು ನೆಚ್ಚಬೇಡಿ: "ಮನೆಯವರಿಗಾದರೂ" ಎಂಬಂತೆ ಪ್ರತ್ಯಯದ ಮೇಲೆ ಪ್ರತ್ಯಯ ಸೇರುವ ನುಡಿಯನ್ನು ಪದಪಟ್ಟಿ ಹಿಡಿದು ತಪಾಸಿಸಿದರೆ ಸರಿಯಾದ ಪದಕ್ಕೂ ಕೆಂಪು ಗೆರೆ ಬೀಳುತ್ತದೆ. ಶಿಫ್ಟ್ ಎಫ್7 ಒತ್ತಿ ಗೆರೆ ಅಡಗಿಸಿ.

ಕೆಟ್ಟು ಕೂತಾಗ ಎರಡು ಮದ್ದು. ಕಿಟಕಿ ಕಪ್ಪಾಗುವುದು, ಅಕ್ಷರ ಮಿನುಗುವುದು ಆದರೆ ಆಪ್ಷನ್ಸ್‌ನ ವ್ಯೂ ಪುಟದಲ್ಲಿ "ಸ್ಕಿಯಾ" (ತೆರೆಯ ಮೇಲೆ ಚಿತ್ರಿಸುವ ವ್ಯವಸ್ಥೆ) ಗುರುತು ತೆಗೆದು ಮತ್ತೆ ತೆರೆಯಿರಿ, ಹಳೆಯ ಗ್ರಾಫಿಕ್ಸ್ ಡ್ರೈವರಿಗೂ ಅದಕ್ಕೂ ಆಗಿಬರುವುದಿಲ್ಲ. ತೆರೆಯುತ್ತಲೇ ಮುಚ್ಚಿಹೋದರೆ ಸೇಫ್ ಮೋಡಿನಲ್ಲಿ ತೆರೆದು ಯೂಸರ್ ಪ್ರೊಫೈಲ್ ರೀಸೆಟ್ ಮಾಡಿ. ಕಡತಗಳಿಗೆ ಏನೂ ಆಗದು, ಮೇಲೆ ಹೇಳಿದ ಹೊಂದಿಕೆಗಳನ್ನು ಮಾತ್ರ ಮತ್ತೆ ಮಾಡಬೇಕು. ಇದಕ್ಕೂ ಮೊದಲೇ ಲೋಡ್/ಸೇವ್‌ನಲ್ಲಿ ಆಟೋರಿಕವರಿಯನ್ನು 5 ನಿಮಿಷಕ್ಕೆ ಇಳಿಸಿ, ಬ್ಯಾಕಪ್ ಪ್ರತಿಯ ಗುರುತನ್ನೂ ಹಾಕಿಡಿ. ಕರೆಂಟ್ ಹೋಗುವ ಊರಿನಲ್ಲಿ ಇದು ಕಡ್ಡಾಯ.

ಒಂದೇ ಕಡತವನ್ನು ನಾಲ್ಕು ಜನ ಏಕಕಾಲಕ್ಕೆ ತಿದ್ದಬೇಕೆಂದರೆ ಗೂಗಲ್ ಡಾಕ್ಸ್‌ಗೇ ಹೋಗಿ. ಉಚಿತ 15 ಜಿಬಿ ಜಾಗ ಜಿಮೇಲ್, ಫೋಟೋಗಳೊಂದಿಗೆ ಹಂಚಿಕೆಯಾಗುತ್ತದೆ ಎಂಬುದು ನೆನಪಿರಲಿ. ಫೋನಿನಲ್ಲಿ ಲಿಬ್ರೆಆಫೀಸಿನ ಸ್ವಂತ ರೂಪವಾದ ಒಡಿಟಿ ಕಡತ ತಿದ್ದಲು ಇದೇ ಎಂಜಿನ್ ಮೇಲೆ ಕಟ್ಟಿದ ಕೊಲಾಬೊರಾ ಆಫೀಸ್ ಆ್ಯಪ್ ಇದೆ, ಸಣ್ಣ ತಿದ್ದುಪಡಿಗೆ ಪರವಾಗಿಲ್ಲ, ನಾಲ್ಕು ಪುಟ ಬರೆಯಲು ಅಲ್ಲ.