ಮಾತಿನ ಆಶುಅಭಿನಯ, ವ್ಯೂಪಾಯಿಂಟ್ಸ್, ಲಾಬಾನ್: ನಟನೆಗೆ ಯಾವುದರಿಂದ ಶುರು ಮಾಡಬೇಕು?

ಮೊದಲೇ ಹೇಳಿಬಿಡುತ್ತೇನೆ, ನಟನೆಯ ಈ ಮೂರು ತಾಲೀಮು ಪದ್ಧತಿಗಳನ್ನೂ ಮಾಡಿ ನೋಡಿದ ಮೇಲೆ ನನ್ನ ಓಟು ಮೈಯ ಚಲನೆಯಿಂದ ಶುರುವಾಗುವ ಲಾಬಾನ್‌ಗೆ. ಜೊತೆಗಾರರು ಬಂದರೂ ಬಾರದಿದ್ದರೂ ತಾಲೀಮು ನಿಲ್ಲುವುದಿಲ್ಲ. ಎರಡು ಹೆಜ್ಜೆ ಆಚೀಚೆ ಇಡುವಷ್ಟು ಜಾಗ ಸಾಕು.

ಚಲನೆಯನ್ನು ಅಭ್ಯಾಸ ಮಾಡಿದ ನೃತ್ಯಗುರು ರುಡಾಲ್ಫ್ ಲಾಬಾನ್‌ನ ಈ ತಾಲೀಮಿನಲ್ಲಿ ಚಲನೆಗೆ ಕೇಳುವ ಪ್ರಶ್ನೆಗಳು ಮೂರು. ಭಾರವೋ ಹಗುರವೋ? ತಟಕ್ಕನೆಯೋ ನಿಧಾನವೋ? ನೇರವೋ ಸುತ್ತುಬಳಸೋ? ಉತ್ತರಗಳನ್ನು ಜೋಡಿಸಿದರೆ 8 ಕ್ರಿಯೆಗಳು: ಒತ್ತು, ಗುದ್ದು, ಹಿಂಡು, ಬೀಸು, ಜಾರು, ತಟ್ಟು, ಕೊಡವು, ತೇಲು. ಎರಡನೇ ಮಹಾಯುದ್ಧದ ಕಾಲದಲ್ಲಿ ಆತ ಇಂಗ್ಲೆಂಡಿನ ಕಾರ್ಖಾನೆ ಕೆಲಸಗಾರರ ಚಲನೆಯನ್ನೂ ಅಭ್ಯಾಸ ಮಾಡಿದ್ದ. ಹೆಸರುಗಳಲ್ಲಿ ಹೆಚ್ಚಿನವು ದುಡಿಯುವ ಕೈಯವು, ಹಾಗಾಗಿ ಮೈಗೆ ಬೇಗ ಸಿಗುತ್ತವೆ. ಒದ್ದೆ ಬಟ್ಟೆ ಹಿಂಡುವಾಗ ಮಣಿಕಟ್ಟು, ಮೊಣಕೈ, ಹೆಗಲು ಹೇಗೆ ತಿರುಚಿಕೊಳ್ಳುತ್ತವೆ ನೋಡಿ: ಭಾರ, ನಿಧಾನ, ಸುತ್ತುಬಳಸು. ನಿಧಾನದ ಜಾಗದಲ್ಲಿ ತಟಕ್ಕನೆ ಇಟ್ಟರೆ ಅದೇ 'ಬೀಸು'. 'ನೀನು ಯಾವಾಗ ಬಂದೆ?' ಎಂಬ ಒಂದೇ ಮಾತನ್ನು ಎರಡರಲ್ಲೂ ಹೇಳಿ ನೋಡಿ. ಒಂದರಲ್ಲಿ ಸಂಕಟ, ಇನ್ನೊಂದರಲ್ಲಿ ಸಿಡುಕು, ಹುಡುಕದೆಯೇ ಬರುತ್ತದೆ.

ತೊಡಕಿರುವುದು ಭಾರದ ನಾಲ್ಕರಲ್ಲಿ: ಒತ್ತು, ಗುದ್ದು, ಹಿಂಡು, ಬೀಸು. ಭಾರ ಅಂದ ಕೂಡಲೇ ಕಲಿಯುವವರು ಉಸಿರು ಕಟ್ಟುತ್ತಾರೆ. ದವಡೆ ಬಿಗಿಯುತ್ತದೆ, ಹೆಗಲು ಕಿವಿಯ ಹತ್ತಿರ ಏರುತ್ತದೆ, ಗಂಟಲು ಅರ್ಧ ಮುಚ್ಚಿಕೊಳ್ಳುತ್ತದೆ. ನೋಡುವವರಿಗೆ ಕಾಣುವುದು ಬರೀ ತಿಣುಕಾಟ, ಕೇಳುವುದು ಹಿಸುಕಿದ ದನಿ. ಖಾಲಿ ಗಾಳಿಯನ್ನು ಒತ್ತುವಾಗ ಎದುರು ತಡೆಯೇ ಇರುವುದಿಲ್ಲವಲ್ಲ, ಮೈ ಅದನ್ನು ತನ್ನೊಳಗೇ ಹುಟ್ಟಿಸಿಕೊಳ್ಳುತ್ತದೆ. ಒಂದು ಸ್ನಾಯು ಇನ್ನೊಂದರ ಜೊತೆ ಜಗಳಕ್ಕೆ ಬೀಳುತ್ತದೆ, ಹೊರಗೆ ಏನೂ ಹೋಗುವುದಿಲ್ಲ.

ಅದಕ್ಕೇ ಗೋಡೆಯಿಂದ ಶುರು ಮಾಡಬೇಕು. ಎರಡೂ ಅಂಗೈ ಗೋಡೆಗೆ, ಒಂದು ಕಾಲು ಹಿಂದೆ, ಮಂಡಿ ಸಡಿಲ. ಹಿಂದಿನ ಹಿಮ್ಮಡಿಯಿಂದ ನೆಲವನ್ನು ತಳ್ಳುತ್ತ, ಉಸಿರು ಹೊರಗೆ ಬಿಡುತ್ತ, 1ರಿಂದ 5ರವರೆಗೆ ಗಟ್ಟಿಯಾಗಿ ಎಣಿಸಿ. ದನಿ ಕೀರಲಾದರೆ ಗಂಟಲು ಬಿಗಿದಿದೆ ಅಂತಲೇ. ಬಿಟ್ಟು ಮತ್ತೆ ಮಾಡಿ. 5 ಸಲ ಆದ ಮೇಲೆ ಗೋಡೆಯಿಂದ ಒಂದು ಗೇಣು ಹಿಂದೆ ಸರಿದು ಅದೇ ಭಾರವನ್ನು ಬರೀ ಕಾಲಲ್ಲಿ ಹುಡುಕಿ. ಸಿಕ್ಕ ಮೇಲೆ ಅಳತೆ ಇಳಿಸುತ್ತ ಬನ್ನಿ: ಇಡೀ ಮೈ, ಆಮೇಲೆ ಕೈ, ಆಮೇಲೆ ಬೆರಳು, ಕೊನೆಗೆ ಕಣ್ಣು ಮತ್ತು ದನಿ ಮಾತ್ರ. ಈ ಇಳಿಕೆ ತಪ್ಪಿಸಿ ನೇರ ದೃಶ್ಯಕ್ಕೆ ಹೋದರೆ ಪಾತ್ರ ವ್ಯಂಗ್ಯಚಿತ್ರವಾಗುತ್ತದೆ.

ವ್ಯೂಪಾಯಿಂಟ್ಸ್ ಅಂದರೆ ಗುಂಪಿನಲ್ಲಿ ಒಬ್ಬರ ಚಲನೆಗೆ ಇನ್ನೊಬ್ಬರು ಸ್ಪಂದಿಸುತ್ತ ಮಾಡುವ ತಾಲೀಮು. ಅದರ ಬೇರು ನೃತ್ಯ ಸಂಯೋಜಕಿ ಮೇರಿ ಓವರ್ಲಿ ಕೊಟ್ಟ ಆರು ಅಂಶಗಳಲ್ಲಿದೆ; ರಂಗ ನಿರ್ದೇಶಕಿಯರಾದ ಆನ್ ಬೋಗಾರ್ಟ್, ಟೀನಾ ಲ್ಯಾಂಡೌ ಅದನ್ನು ವೇಗ, ಅವಧಿ, ಅಂತರ, ಆಕಾರ ಹೀಗೆ ಚಲನೆಯ ಒಂಬತ್ತು ಅಂಶಗಳಿಗೆ ಬೆಳೆಸಿದರು. ಗುಂಪಿನ ದೃಶ್ಯಕ್ಕೆ ಇದಕ್ಕೆ ಸಾಟಿಯಿಲ್ಲ. ಆದರೆ ಐದಾರು ಜನರಾದರೂ ಬೇಕು, ಹೊರಗಿಂದ ನೋಡುವ ಒಂದು ಜೊತೆ ಕಣ್ಣು ಬೇಕು. ಒಬ್ಬ ನಿಂತರೆ ಎಲ್ಲರೂ ನಿಂತುಬಿಡುವ ಚಾಳಿ ಬಿಡಿಸುವಷ್ಟರಲ್ಲಿ ತರಗತಿಯೇ ಮುಗಿದಿರುತ್ತದೆ.

ಮಾತಿನ ಆಶುಅಭಿನಯ ಅಂದರೆ ಬರೆದಿಟ್ಟ ಸಂಭಾಷಣೆಯಿಲ್ಲದೆ ಆ ಕ್ಷಣಕ್ಕೇ ಆಡುವ ಅಭಿನಯ. ಅದರಲ್ಲಿ 'ಹೌದು, ಮತ್ತೆ' ಎಂಬ ನಿಯಮ, ಅಂದರೆ ಎದುರಿನವರ ಮಾತನ್ನು ಒಪ್ಪಿ ಅದಕ್ಕೆ ಏನಾದರೂ ಸೇರಿಸುವುದು, ಕೇಳುವ ಕಿವಿಯನ್ನು ಕೊಡುತ್ತದೆ, ನಿಜ. ಮೈ ಮಾತ್ರ ಹಿಂದೆ ಉಳಿಯುತ್ತದೆ. ಇಬ್ಬರು ಎದುರುಬದುರು ಕೈ ಜೋತುಬಿಟ್ಟು ನಿಂತು ಹರಟುತ್ತಾರೆ. ಮೊದಲ 30 ಸೆಕೆಂಡು ಮಾತಿಲ್ಲದೆ ಏನಾದರೂ ಕೆಲಸ ಮಾಡಬೇಕು ಅಂತ ಕಟ್ಟು ಹಾಕಿದರೆ ಸುಧಾರಿಸುತ್ತದೆ. ಆಶುಅಭಿನಯದ ಗುರು ಕೀತ್ ಜಾನ್‌ಸ್ಟನ್‌ನ ಮೇಲು-ಕೀಳು ಅಂತಸ್ತಿನ ಆಟಗಳು ಇವುಗಳಲ್ಲೆಲ್ಲ ಗಟ್ಟಿ: ತಲೆ ಅಲುಗಿಸದೆ ಮಾತಾಡಿದರೆ ಸಾಕು, ಎದುರಿನವನು ತಾನಾಗಿ ಕುಗ್ಗುತ್ತಾನೆ.

ಕೈಯಲ್ಲಿ ಸ್ವಲ್ಪ ದುಡ್ಡಿದ್ದರೆ ಅದನ್ನು ವ್ಯೂಪಾಯಿಂಟ್ಸ್ ಕಾರ್ಯಾಗಾರಕ್ಕೆ ಇಡಿ, ಐದಾರು ಜನರಿಲ್ಲದೆ ಮನೆಯಲ್ಲಿ ಕಲಿಯಲಾಗದ್ದು ಅದೊಂದೇ. ನನ್ನ ಹಾಗೆ ದಿನಕ್ಕೆ 20 ನಿಮಿಷ ಸಿಗುವವರಿಗೆ ಲಾಬಾನ್. ದಿನಕ್ಕೆ ಒಂದು ಭಾರದ್ದು, ಒಂದು ಹಗುರದ್ದು. 4 ದಿನಕ್ಕೆ ಎಂಟೂ ಒಂದು ಸುತ್ತು. ಐದನೇ ದಿನ ಹತ್ತು ಸಾಲಿನ ಸಂಭಾಷಣೆ ತೆಗೆದುಕೊಂಡು, ಸಾಲಿಗೊಂದು ಕ್ರಿಯೆ ಪೆನ್ಸಿಲಿನಲ್ಲಿ ಬರೆದುಕೊಂಡು ಓದಿ. ಪೆನ್ನು ಬೇಡ, ಅರ್ಧದಷ್ಟನ್ನು ಅಳಿಸಬೇಕಾಗುತ್ತದೆ.