5 ವೋಲ್ಟಿನಿಂದ 20 ವೋಲ್ಟಿಗೆ: ಎಡಿಎಕ್ಸ್‌ಆರ್‌ಎಸ್‌610 ಜೈರೋಸ್ಕೋಪಿನ ಚಾಲನಾ ಸರ್ಕ್ಯೂಟ್

ಅನಲಾಗ್ ಡಿವೈಸಸ್ ಕಂಪನಿಯ ಎಡಿಎಕ್ಸ್‌ಆರ್‌ಎಸ್‌610, ತನ್ನ ಮೇಲ್ಮೈಗೆ ಲಂಬವಾಗಿರುವ ಒಂದೇ ಅಕ್ಷದ ಸುತ್ತಲಿನ ತಿರುಗುವಿಕೆಯನ್ನು ಸೆಕೆಂಡಿಗೆ 300 ಡಿಗ್ರಿಯವರೆಗೆ ಅಳೆಯುವ ಜೈರೋಸ್ಕೋಪ್ ಚಿಪ್. ಅಳತೆಯ ಉಪಕರಣವಾಗಿ ಇದರ ಕಾಲ ಹಿಂದೆ ಸರಿದಿದೆ ಎಂಬುದನ್ನು ಮುಂದೆ ಹೇಳುತ್ತೇನೆ. ಆದರೂ ಇದನ್ನು ವಿಮರ್ಶೆಗೆ ಎತ್ತಿಕೊಂಡಿರುವುದಕ್ಕೆ ಕಾರಣ, ಸೂಕ್ಷ್ಮ ಯಂತ್ರವನ್ನು ಕಂಪಿಸುವಂತೆ ಮಾಡುವ ಹೆಚ್ಚು ವೋಲ್ಟೇಜಿನ ಚಾಲನಾ ಭಾಗವನ್ನು ಇದು ಪೂರ್ತಿ ಒಳಗೆ ಮುಚ್ಚಿಡದೆ, ಪಿನ್ನುಗಳ ಮೂಲಕ ಬಳಸುವವರ ಕೈಗೆ ಎಟುಕುವಂತೆ ಇಟ್ಟಿರುವುದು.

ಇದರೊಳಗಿನ ಸಿಲಿಕಾನ್ ಚೌಕಟ್ಟು ಸೆಕೆಂಡಿಗೆ ಸುಮಾರು 14,500 ಬಾರಿ ಅತ್ತಿತ್ತ ಓಲಾಡುತ್ತಿರುತ್ತದೆ. ಚಿಪ್ ತಿರುಗಿದಾಗ ಆ ಓಲಾಟಕ್ಕೆ ಅಡ್ಡಲಾಗಿ ಕೊರಿಯಾಲಿಸ್ ಬಲ ಹುಟ್ಟುತ್ತದೆ. ಅಳೆಯಬೇಕಾಗಿರುವುದು ಆ ಬಲ ಉಂಟುಮಾಡುವ ಅತ್ಯಲ್ಪ ಸರಿಯುವಿಕೆಯನ್ನು. ಓಲಾಡಿಸುವುದಕ್ಕೆ ಬಾಚಣಿಗೆಯ ಹಲ್ಲುಗಳಂತೆ ಒಂದರೊಳಗೊಂದು ಸೇರಿದ ವಿದ್ಯುದ್ವಾರಗಳ ನಡುವಿನ ಸ್ಥಿರವಿದ್ಯುತ್ ಸೆಳೆತವೇ ಆಧಾರ. ಈ ಸೆಳೆತ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಹೆಚ್ಚುವುದರಿಂದ, 5 ವೋಲ್ಟಿನ ಬದಲು 20 ವೋಲ್ಟ್ ಕೊಟ್ಟರೆ ಅದೇ ಹಲ್ಲುಗಳಿಂದ ಹದಿನಾರು ಪಟ್ಟು ಬಲ ದೊರೆಯುತ್ತದೆ. ಅನಲಾಗ್ ಡಿವೈಸಸ್‌ನ ಈ ಕುಟುಂಬದ ಜೈರೋಸ್ಕೋಪುಗಳಲ್ಲಿ ಕಂಪಕವನ್ನು, ಅಂದರೆ ಓಲಾಡುವ ಆ ಚೌಕಟ್ಟನ್ನು, ನಿರ್ವಾತದಲ್ಲಿ ಇಟ್ಟಿಲ್ಲ, ವಾತಾವರಣದ ಒತ್ತಡದ ಅನಿಲದಲ್ಲೇ ಮುಚ್ಚಿಟ್ಟಿದ್ದಾರೆ. ಆ ಅನಿಲದ ತಡೆಯನ್ನು ಗೆಲ್ಲಲು ಬಲ ಹೆಚ್ಚು ಬೇಕು. 2002ರಲ್ಲಿ ಬಂದ ಎಡಿಎಕ್ಸ್‌ಆರ್‌ಎಸ್‌300ರಲ್ಲಿ ಕಂಪಕಕ್ಕೆ 14ರಿಂದ 16 ವೋಲ್ಟ್ ಸಾಕಾಗುತ್ತಿತ್ತು. 610ಕ್ಕೆ 18ರಿಂದ 20 ವೋಲ್ಟ್ ಬೇಕು. ಚಿಪ್ಪಿಗೆ ಹೊರಗಿನಿಂದ ಬರುವುದು 5 ವೋಲ್ಟ್ ಮಾತ್ರವಾದ್ದರಿಂದ ಉಳಿದದ್ದನ್ನು ಒಳಗಿನ ಚಾರ್ಜ್ ಪಂಪ್ (ಕೆಪಾಸಿಟರುಗಳನ್ನು ತುಂಬಿ ಬರಿದು ಮಾಡುತ್ತ ವೋಲ್ಟೇಜನ್ನು ಹೆಚ್ಚಿಸುವ ಸರ್ಕ್ಯೂಟ್) ಏರಿಸಿಕೊಡುತ್ತದೆ.

ಕಾರ್ಯಕ್ಷಮತೆಯ ಲೆಕ್ಕ ಇಲ್ಲಿ ಅನೇಕರು ಭಾವಿಸುವಂತೆ ಇರುವುದಿಲ್ಲ. ಚಾಲನೆಯ ಹಲ್ಲುಗಳ ಧಾರಕತೆಯನ್ನು (ವಿದ್ಯುದಾವೇಶವನ್ನು ಹಿಡಿದಿಡುವ ಸಾಮರ್ಥ್ಯವನ್ನು) ಉದಾರವಾಗಿ 10 ಪಿಕೊಫ್ಯಾರಡ್ ಎಂದು ಇಟ್ಟುಕೊಂಡು, ಅದನ್ನು ಪ್ರತಿ ಓಲಾಟಕ್ಕೊಮ್ಮೆ 20 ವೋಲ್ಟಿಗೆ ತುಂಬಿ ಬರಿದು ಮಾಡಿದರೂ ತಗಲುವ ಶಕ್ತಿ ಸುಮಾರು 58 ಮೈಕ್ರೋವ್ಯಾಟ್. ಇಡೀ ಚಿಪ್ಪು 5 ವೋಲ್ಟಿನಲ್ಲಿ ಎಳೆದುಕೊಳ್ಳುವ ಪ್ರವಾಹ 3.5 ಮಿಲಿಆಂಪಿಯರ್, ಅಂದರೆ 17.5 ಮಿಲಿವ್ಯಾಟ್. ಯಂತ್ರದ ಪಾಲು ಸುಮಾರು ಮುನ್ನೂರನೇ ಒಂದು ಭಾಗವಷ್ಟೇ. ಹಾಗಾಗಿ ಇಂಥ ಸಂವೇದಕಕ್ಕೆ ಚಾಲಕ ಸರ್ಕ್ಯೂಟನ್ನು ರೂಪಿಸುವವರು ನೋಡಬೇಕಾದದ್ದು ಆ ಸರ್ಕ್ಯೂಟ್ ಸುಮ್ಮನಿದ್ದಾಗ ಎಷ್ಟು ಕುಡಿಯುತ್ತದೆ ಎಂಬುದನ್ನು. ವಿದ್ಯಾರ್ಥಿಗಳ ಪ್ರಾಜೆಕ್ಟುಗಳಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಡಿಆರ್‌ವಿ2700ನಂಥ ಪೀಜೋ ಚಾಲಕವನ್ನು (ವೋಲ್ಟೇಜ್ ಕೊಟ್ಟಾಗ ಅಲುಗುವ ಪೀಜೋ ವಸ್ತುಗಳನ್ನು ನಡೆಸುವ ಚಿಪ್ಪನ್ನು) ಸೂಕ್ಷ್ಮ ಕಂಪಕಗಳಿಗೆ ಜೋಡಿಸುವ ಆಲೋಚನೆ ಆಗಾಗ ಮೂಡುವುದುಂಟು. 100 ವೋಲ್ಟಿನವರೆಗೆ ಏರಿಸಬಲ್ಲ ಒಳ್ಳೆಯ ಚಿಪ್ಪು ಅದು. ಆದರೆ ನ್ಯಾನೊಫ್ಯಾರಡ್‌ಗಟ್ಟಲೆ ಹೊರೆಯನ್ನು ಕೆಲವು ನೂರು ಹರ್ಟ್ಸ್‌ಗಳಲ್ಲಿ ಅಲುಗಾಡಿಸಲೆಂದು ಮಾಡಿದ್ದು. ಪಿಕೊಫ್ಯಾರಡ್ ಹೊರೆಗೆ ಅದನ್ನು ಕಟ್ಟಿದರೆ ವ್ಯಯವಾಗುವ ಶಕ್ತಿಯೆಲ್ಲ ಅದರ ಬೂಸ್ಟ್ ಪರಿವರ್ತಕದ, ಅಂದರೆ ಇಂಡಕ್ಟರ್ ಬಳಸಿ ವೋಲ್ಟೇಜ್ ಏರಿಸುವ ಭಾಗದ, ಸ್ವಂತ ನಿರ್ವಹಣೆಗೇ ಹೋಗುತ್ತದೆ. ಅಲ್ಲದೆ ಇಂಡಕ್ಟರಿನ ಸ್ವಿಚಿಂಗ್ ಗದ್ದಲವೂ (ಸಂಕೇತಕ್ಕೆ ಬೆರೆಯುವ ಬೇಡದ ವಿದ್ಯುತ್ ಏರುಪೇರೂ) ಸೇರಿಕೊಳ್ಳುತ್ತದೆ. ಈ ಕುಟುಂಬದ ಮೊದಲ ಚಿಪ್ಪುಗಳೇ 12 ಜೆಪ್ಟೊಫ್ಯಾರಡ್‌ನಷ್ಟು (ಒಂದು ಜೆಪ್ಟೊಫ್ಯಾರಡ್ ಎಂದರೆ ಪಿಕೊಫ್ಯಾರಡ್‌ನ ನೂರು ಕೋಟಿಯಲ್ಲೊಂದು ಪಾಲು) ಧಾರಕತೆಯ ಬದಲಾವಣೆಯನ್ನು ಗುರುತಿಸುತ್ತಿದ್ದವು ಎಂಬುದನ್ನು ನೆನೆದರೆ, ಪಕ್ಕದಲ್ಲಿ ಅಂಥ ಗದ್ದಲವನ್ನು ಇಟ್ಟುಕೊಳ್ಳುವುದು ಎಷ್ಟು ಅವಿವೇಕವೆಂದು ತಿಳಿಯುತ್ತದೆ.

610ರ ಪಂಪ್ ಕೆಪಾಸಿಟರುಗಳಿಂದಲೇ ನಡೆಯುತ್ತದೆ. ಸಿಪಿ1ರಿಂದ ಸಿಪಿ4ರವರೆಗಿನ ಪಿನ್ನುಗಳಿಗೆ 22 ನ್ಯಾನೊಫ್ಯಾರಡ್‌ನ ಎರಡು ಕೆಪಾಸಿಟರುಗಳನ್ನು ಹೊರಗೆ ಹಾಕಬೇಕು. ಏರಿದ ವೋಲ್ಟೇಜ್ ಸಿಪಿ5ರಲ್ಲಿ ಸಿಗುತ್ತದೆ. ನನಗೆ ಅತ್ಯಂತ ಮೆಚ್ಚುಗೆಯಾದ ಅನುಕೂಲ ಇಲ್ಲಿಯೇ ಇದೆ: ನಮ್ಮ ಬಳಿ 18ರಿಂದ 20 ವೋಲ್ಟಿನ ಸ್ವಚ್ಛ ಮೂಲವಿದ್ದರೆ ಆ ಎರಡು ಕೆಪಾಸಿಟರುಗಳನ್ನು ಬಿಟ್ಟು, ಅದನ್ನು ನೇರವಾಗಿ ಸಿಪಿ5ಕ್ಕೆ ಕೊಡಬಹುದೆಂದು ಡೇಟಾಶೀಟ್ ಹೇಳುತ್ತದೆ. ತಾವೇ ವಿನ್ಯಾಸ ಮಾಡಿದ ಪಂಪನ್ನು ನಿಜವಾದ ಕಂಪಕದ ಮೇಲೆ ಪರೀಕ್ಷಿಸಿ ನೋಡಲು ಬಯಸುವ ವಿದ್ಯಾರ್ಥಿಗೆ ಇಷ್ಟು ಅಗ್ಗದ ಪ್ರಯೋಗಶಾಲೆ ಬೇರೆ ಸಿಗಲಾರದು. ಎರಡು ವಿಧದಲ್ಲೂ 5 ವೋಲ್ಟಿನ ಕಡೆಯ ಪ್ರವಾಹವನ್ನು ಅಳೆದು ಹೋಲಿಸಿದರೆ ಒಳಗಿನ ಪಂಪಿನ ಖರ್ಚಿನ ಅಂದಾಜೂ ದೊರೆಯುತ್ತದೆ. ಹೊರಗಿನ ಮೂಲದ ಅಲೆಗಳು 14.5 ಕಿಲೋಹರ್ಟ್ಸ್‌ನ ಆಸುಪಾಸಿನಲ್ಲಿ ಬೀಳದಂತೆ ನೋಡಿಕೊಳ್ಳುವುದು ಮಾತ್ರ ಬಳಸುವವರ ಹೊಣೆ.

ಕೆಪಾಸಿಟರುಗಳ ಆಯ್ಕೆಯನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಚಿಕ್ಕ ಗಾತ್ರದ ಸೆರಾಮಿಕ್ ಕೆಪಾಸಿಟರುಗಳು ನೇರ ವೋಲ್ಟೇಜ್ ಏರಿದಂತೆ ತಮ್ಮ ಧಾರಕತೆಯನ್ನು ಕಳೆದುಕೊಳ್ಳುತ್ತವೆ. ಅವುಗಳಿಗೆ ನಮೂದಿಸಿರುವ ಧಾರಕತೆ 20 ವೋಲ್ಟಿನಲ್ಲಿ ಉಳಿದಿರುವುದಿಲ್ಲ. ಇನ್ವೆನ್‌ಸೆನ್ಸ್ ಕಂಪನಿಯ ಎಂಪಿಯು-6050 ಎಂಬ ಇನ್ನೊಂದು ಜೈರೋಸ್ಕೋಪ್ ಚಿಪ್ಪಿನ ತಯಾರಕರು ಅದರ ಪಂಪಿಗೆ ಕೇವಲ 2.2 ನ್ಯಾನೊಫ್ಯಾರಡ್ ಕೇಳಿದರೂ 50 ವೋಲ್ಟ್ ತಾಳಿಕೆಯ ಎಕ್ಸ್‌7ಆರ್ ಬಗೆಯ ಸೆರಾಮಿಕ್ ಕೆಪಾಸಿಟರ್ ಬೇಕೆಂದು ಸೂಚಿಸಿರುವುದು ಗಮನಾರ್ಹ.

ಎಂಪಿಯು-6050ರ ಮಾತು ಬಂದಿದ್ದರಿಂದ ಹೋಲಿಕೆಯನ್ನೂ ಮಾಡಿಬಿಡಬೇಕು. ಅದು 3.6 ಮಿಲಿಆಂಪಿಯರಿನಲ್ಲಿ ಮೂರು ಅಕ್ಷಗಳನ್ನೂ ಅಳೆಯುತ್ತದೆ, ಅದೂ 3.3 ವೋಲ್ಟಿನಲ್ಲಿ. ಅದರ ಗದ್ದಲದ ಸಾಂದ್ರತೆ ಪ್ರತಿ ರೂಟ್ ಹರ್ಟ್ಸ್‌ಗೆ ಸೆಕೆಂಡಿಗೆ 0.005 ಡಿಗ್ರಿ, 610ರದ್ದು ಅದೇ ಮಾನದಲ್ಲಿ 0.05, ಅಂದರೆ ಹತ್ತು ಪಟ್ಟು. ಡ್ರೋನನ್ನೋ ರೋಬಾಟನ್ನೋ ಕಟ್ಟುವವರು 610ರ ಕಡೆ ನೋಡುವ ಅಗತ್ಯವೇ ಇಲ್ಲ. ಎಂಪಿಯು ಚಿಪ್ಪಿನಲ್ಲಿಯೂ ಪಂಪಿನ ಪಿನ್ ಒಂದು ಹೊರಗೆ ಬಂದಿದೆಯಾದರೂ ಅದು ಒಂದು ಕೆಪಾಸಿಟರ್ ಹಾಕಲಿಕ್ಕಷ್ಟೇ.

ಕೊಳ್ಳುವವರು ಬಿಡಿ ಚಿಪ್ಪಿನ ಬದಲು ಮೌಲ್ಯಮಾಪನ ಬೋರ್ಡನ್ನೇ (ಚಿಪ್ಪನ್ನು ಮೊದಲೇ ಬೆಸೆದಿರುವ ಪರೀಕ್ಷಾ ಹಲಗೆಯನ್ನೇ) ಕೊಳ್ಳುವುದು ಒಳ್ಳೆಯದು, ಏಕೆಂದರೆ 7 ಮಿಲಿಮೀಟರ್ ಚೌಕದ ಈ ಪೊಟ್ಟಣದ ಕಾಲುಗಳೆಲ್ಲ ಅಡಿಯಲ್ಲಿರುವ ಬೆಸುಗೆಯ ಉಂಡೆಗಳು. ಸಾಮಾನ್ಯ ಬೆಸುಗೆ ಕಡ್ಡಿಗೆ ಅವು ನಿಲುಕುವುದಿಲ್ಲ. ವಿದ್ಯುತ್ ಹರಿಯುತ್ತಿರುವಾಗ ಅಳತೆಯ ಕಡ್ಡಿ ಜಾರಿ ಸಿಪಿ5 ಗ್ರೌಂಡಿಗೆ ತಾಗಿದರೆ ಚಿಪ್ ಸುಡುವುದಿಲ್ಲ, ಆದರೆ ಕೆಲವೊಮ್ಮೆ ಪಂಪ್ ಮತ್ತೆ ಹೊರಡುವುದೇ ಇಲ್ಲ. ಆಗ 5 ವೋಲ್ಟನ್ನು ಪೂರ್ತಿ ಕಡಿದು ಮತ್ತೆ ಕೊಡಬೇಕಾಗುತ್ತದೆ.